‘ದೇರ್’: ಹಳೆಯ ಸ್ಕಾಟ್ಸ್ ಭಾಷೆಯ ಒಂದು ಷಷ್ಠೀ ಸರ್ವನಾಮದ ಪ್ರಕರಣ

ನಾಲ್ಕನೆಯ ಜೇಮ್ಸ್ ದೊರೆಯಾಗಿದ್ದಾಗ, 1496ರಲ್ಲಿ, ಸ್ಕಾಟ್ಲೆಂಡಿನ ಪಾರ್ಲಿಮೆಂಟು ಒಂದು ಕಾಯಿದೆಯನ್ನು ಮಾಡಿತು. ಅನುಕೂಲಸ್ಥರಾದ ಬ್ಯಾರನ್‌ಗಳೂ ಸ್ವಂತ ಹಿಡುವಳಿಯ ಭೂಮಾಲೀಕರೂ ತಮ್ಮ ಹಿರಿಯ ಗಂಡುಮಕ್ಕಳನ್ನು ಎಂಟೊಂಬತ್ತು ವರ್ಷ ತುಂಬುತ್ತಲೇ ಶಾಲೆಗೆ ಹಾಕಬೇಕು, ಲ್ಯಾಟಿನ್ ಚೆನ್ನಾಗಿ ಬರುವವರೆಗೂ ಅಲ್ಲಿಯೇ ಇರಿಸಬೇಕು, ತಪ್ಪಿದವರು ಇಪ್ಪತ್ತು ಪೌಂಡು ದಂಡ ತೆರಬೇಕು ಎಂಬುದು ಅದರ ಸಾರ. ಶಿಕ್ಷಣದ ಇತಿಹಾಸವನ್ನು ಬರೆಯುವವರು ಈ ಕಾಯಿದೆಯನ್ನು ಮತ್ತೆ ಮತ್ತೆ ನೆನೆಯುತ್ತಾರೆ. ಈ ಬರಹದ ಗಮನ ಅದರಲ್ಲಿರುವ ಒಂದು ಚಿಕ್ಕ ಪದದ ಮೇಲೆ ಮಾತ್ರ. ‘ಪುಟ್ ದೇರ್ ಎಲ್ಡೆಸ್ಟ್ ಸನ್ನಿಸ್ ಅಂಡ್ ಏರಿಸ್ ಟು ದ ಸ್ಕೂಲಿಸ್’ ಎಂದು ಮೂಲದ ಒಕ್ಕಣೆ ಸಾಗುತ್ತದೆ. ತಮ್ಮ ಹಿರಿಯ ಮಕ್ಕಳನ್ನೂ ವಾರಸುದಾರರನ್ನೂ ಶಾಲೆಗಳಿಗೆ ಕಳಿಸಬೇಕು ಎಂದರ್ಥ. ಅಲ್ಲಿನ ‘ದೇರ್’ ಎಂಬುದು ಬಹುವಚನದ ಷಷ್ಠೀ ಸರ್ವನಾಮ. ಕನ್ನಡದಲ್ಲಿ ಈ ಸ್ಥಾನದಲ್ಲಿ ‘ಅವರ’ ಎಂದರೆ ಅರ್ಥ ಕೆಡುತ್ತದೆ, ‘ತಮ್ಮ’ ಎಂದೇ ಹೇಳಬೇಕು. ಸ್ಕಾಟ್ಲೆಂಡಿನಲ್ಲಿ ಬೆಳೆದ, ಇಂಗ್ಲಿಷಿನ ಸೋದರಿಯಾದ ಸ್ಕಾಟ್ಸ್ ಭಾಷೆಗೆ ಆ ಎರಡರ ಭೇದವಿಲ್ಲ, ಒಂದೇ ಪದ ಎರಡೂ ಕೆಲಸಗಳನ್ನು ಮಾಡುತ್ತದೆ.

ಇಂದಿನ ಇಂಗ್ಲಿಷ್ ಬಲ್ಲವರು ಈ ಸಾಲಿನ ಉಳಿದ ಪದಗಳಲ್ಲಿ ಒಂದಿಷ್ಟು ಎಡವಬಹುದು, ಆದರೆ ‘ದೇರ್’ ಎಂಬಲ್ಲಿ ಎಡವುವುದಿಲ್ಲ. ರೋಮನ್ ಕಾಗುಣಿತದಲ್ಲಿ ಇ (e) ಅಕ್ಷರವಿರಬೇಕಾದ ಕಡೆ ಎ (a) ಇದೆ, ಅಷ್ಟೆ. ಈ ಸಲೀಸುತನವೇ ವಿಚಾರ ಮಾಡಬೇಕಾದ ಸಂಗತಿ. 1400ರಲ್ಲಿ ತೀರಿಕೊಂಡ ಲಂಡನ್ನಿನ ಕವಿ ಚಾಸರ್ ಇದೇ ಅರ್ಥಕ್ಕೆ ‘ದೇರ್’ ಬಳಸುತ್ತಿರಲಿಲ್ಲ, ‘ಹಿರ್’ ಎಂದು ಬರೆಯುತ್ತಿದ್ದ. ಕ್ಯಾಂಟರ್ಬರಿ ಕಥೆಗಳ ಆರಂಭದಲ್ಲಿ ಹಕ್ಕಿಗಳ ಹೃದಯವನ್ನು ಪ್ರಕೃತಿ ಕೆರಳಿಸುತ್ತದೆ ಎನ್ನುವ ಕಡೆ ‘ಹಿರ್ ಕೊರಾಜಸ್’ ಎಂದೇ ಇದೆ. ಎಂದರೆ, ಇಂದು ನಾವು ಶುದ್ಧ ಇಂಗ್ಲಿಷಿನದೆಂದು ಎಣಿಸುವ ರೂಪವನ್ನು ಸ್ಕಾಟ್ಸ್ ದಾಖಲೆಗಳು ಮೊದಲಿನಿಂದಲೂ ಬಳಸುತ್ತ ಬಂದಿದ್ದವು. ಲಂಡನ್ನು ಅದನ್ನು ತಡವಾಗಿ ಒಪ್ಪಿಕೊಂಡಿತು. ಇದು ಹೇಗಾಯಿತು ಎಂಬುದನ್ನು ಬಿಡಿಸಿ ನೋಡುವುದೇ ಈ ಅಧ್ಯಯನದ ಕೆಲಸ.

ಭಾಷೆಗಳು ಸರ್ವನಾಮಗಳನ್ನು ಎರವಲು ತರುವುದು ಬಲು ಅಪರೂಪ. ಕನ್ನಡವನ್ನೇ ನೋಡಿ: ಸಂಸ್ಕೃತ, ಪಾರಸಿ, ಮರಾಠಿ, ಪೋರ್ಚುಗೀಸ್, ಇಂಗ್ಲಿಷ್ ಇವೆಲ್ಲವುಗಳಿಂದ ನಾವು ಪದಗಳನ್ನು ಕೈತುಂಬ ತೆಗೆದುಕೊಂಡಿದ್ದೇವೆ; ಕಚೇರಿಯ ಮಾತಿನಲ್ಲಂತೂ ಹೊರಗಿನ ನಾಮಪದಗಳೇ ಹೆಚ್ಚು. ಹಾಗಿದ್ದರೂ ‘ನನ್ನ’, ‘ನಿನ್ನ’, ‘ತನ್ನ’, ‘ಅವರ’ ಇವು ಯಾವುವೂ ಹೊರಗಿನಿಂದ ಬಂದವಲ್ಲ. ನಾಮಪದವನ್ನು ವಸ್ತುವಿನ ಜೊತೆಗೇ ಸಂತೆಯಿಂದ ತರಬಹುದು. ಸರ್ವನಾಮವಾದರೋ ಮಗು ಮೊದಲ ಎರಡು ಮೂರು ವರ್ಷಗಳಲ್ಲಿ ಕಲಿತು ಮುಗಿಸುವ ಸಾಮಗ್ರಿ. ಅಂಥದ್ದನ್ನು ಬದಲಾಯಿಸಬೇಕಾದರೆ ಎರಡು ಭಾಷೆಗಳವರು ಒಂದೇ ಮನೆಯಲ್ಲಿ, ಒಂದೇ ಹೊಲದಲ್ಲಿ ತಲೆಮಾರುಗಟ್ಟಲೆ ಬಾಳಿರಬೇಕು; ಜೊತೆಗೆ, ಇದ್ದ ಪದದಲ್ಲಿ ಏನಾದರೂ ತೊಡಕು ಹುಟ್ಟಿರಬೇಕು. ಈ ಪ್ರಕರಣದಲ್ಲಿ ಎರಡೂ ಕೂಡಿಬಂದವು.

ಮೊದಲು ತೊಡಕನ್ನು ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ಪ್ರಥಮ ಪುರುಷದ ಸರ್ವನಾಮಗಳೆಲ್ಲ ‘ಹ’ಕಾರದಿಂದ ಆರಂಭವಾಗುತ್ತಿದ್ದವು: ‘ಅವನು’ ಎಂಬುದಕ್ಕೆ ‘ಹೇ’, ‘ಅವಳು’ ಎಂಬುದಕ್ಕೆ ‘ಹೇಯೊ’, ‘ಅವರು’ ಎಂಬುದಕ್ಕೆ ‘ಹೀಯೆ’. ‘ಅವರ’ ಎಂಬ ಷಷ್ಠೀ ರೂಪ ‘ಹೆಯೊರಾ’. ಉತ್ತರದ ನಾರ್ಥಂಬ್ರಿಯಾ ಪ್ರಾಂತದ ಬರಹಗಳಲ್ಲಿ ‘ಹಿಯೊರಾ’. ಹತ್ತನೆಯ ಶತಮಾನದಲ್ಲಿ ಲಿಂಡಿಸ್‌ಫಾರ್ನ್ ಸುವಾರ್ತೆಗಳು ಎಂಬ ಹಸ್ತಪ್ರತಿಯ ಲ್ಯಾಟಿನ್ ಸಾಲುಗಳ ನಡುವೆ ಆಲ್ಡ್ರೆಡ್ ಎಂಬ ಪಾದ್ರಿ ಬರೆದಿಟ್ಟ ನಾರ್ಥಂಬ್ರಿಯನ್ ಅರ್ಥವಿವರಣೆಗಳಲ್ಲಿ ಇದು ಸಿಗುತ್ತದೆ. ಕಾಲ ಸರಿದಂತೆ ಪದಾಂತ್ಯದ ಸ್ವರಗಳು ಸವೆದವು, ಸಂಧ್ಯಕ್ಷರಗಳು ಸರಳವಾದವು, ಮೂರು ಬೇರೆ ಪದಗಳು ಕಿವಿಗೆ ಹತ್ತಿರ ಹತ್ತಿರ ಕೇಳಿಸತೊಡಗಿದವು. ಷಷ್ಠಿಯಲ್ಲಿ ಅವಸ್ಥೆ ಇನ್ನೂ ಕೆಟ್ಟಿತು. ಚಾಸರನ ‘ಹಿರ್’ ಎಂಬುದಕ್ಕೆ ‘ಅವರ’ ಎಂಬ ಅರ್ಥವೂ ಇತ್ತು, ‘ಅವಳ’ ಎಂಬ ಅರ್ಥವೂ ಇತ್ತು. ಕನ್ನಡದಲ್ಲಿ ‘ಅವಳ ಮನೆ’, ‘ಅವರ ಮನೆ’ ಎರಡಕ್ಕೂ ಒಂದೇ ಪದವಿದ್ದರೆ ಎಷ್ಟು ಮಾತುಗಳನ್ನು ಎರಡೆರಡು ಸಲ ಕೇಳಿಸಿಕೊಳ್ಳಬೇಕಾಗುತ್ತಿತ್ತೆಂದು ಊಹಿಸಿಕೊಂಡರೆ ಸಾಕು.

ಇನ್ನು ಒಡನಾಟದ ವಿಷಯ. 866ರಲ್ಲಿ ವೈಕಿಂಗ್ ದಾಳಿಕೋರರಾದ ಡೇನರ ದಂಡು ಯಾರ್ಕ್ ಪಟ್ಟಣವನ್ನು ಹಿಡಿಯಿತು. ಹತ್ತು ವರ್ಷಗಳ ಬಳಿಕ, 876ರಲ್ಲಿ, ಆ ಸೈನಿಕರು ನಾರ್ಥಂಬ್ರಿಯಾದ ನೆಲವನ್ನು ಹಂಚಿಕೊಂಡು ಬೇಸಾಯಕ್ಕೆ ಇಳಿದರು. ಅವರ ನಾರ್ಸ್ ಭಾಷೆಯೂ ಊರವರ ಆಂಗ್ಲಿಯನ್ ಎಂಬ ಹಳೆಯ ಇಂಗ್ಲಿಷ್ ಉಪಭಾಷೆಯೂ ಒಂದೇ ಜರ್ಮ್ಯಾನಿಕ್ ಬುಡದವಾದ್ದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಅಷ್ಟಿಷ್ಟು ತಿಳಿಯುತ್ತಿತ್ತು. ನಾರ್ಸ್‌ನಲ್ಲಿ ‘ಅವರು’ ಎಂಬುದಕ್ಕೆ ‘ಥೆಯ್ರ್’, ‘ಅವರ’ ಎಂಬುದಕ್ಕೆ ‘ಥೆಯ್ರಾ’, ‘ಅವರಿಗೆ’ ಎಂಬುದಕ್ಕೆ ‘ಥೆಯ್ಮ್’. ಇವು ‘ಹ’ಕಾರದ ಗುಂಪಿನೊಡನೆ ಎಂದೂ ಕಲೆಯುವುದಿಲ್ಲ. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಲಿಂಕನ್‌ಶೈರಿನಲ್ಲಿ ಆರ್ಮ್ ಎಂಬ ಸನ್ಯಾಸಿ ಬರೆದ ಪದ್ಯಗ್ರಂಥದಲ್ಲಿ ಬದಲಾವಣೆ ನಡುದಾರಿಯಲ್ಲಿ ಸಿಕ್ಕಿಬೀಳುತ್ತದೆ. ಪ್ರಥಮಾ ವಿಭಕ್ತಿಯಲ್ಲಿ ಆತ ಹೊಸ ರೂಪವನ್ನು ಮಾತ್ರ ಬಳಸುತ್ತಾನೆ. ಷಷ್ಠಿಯಲ್ಲಿ ಹೆಚ್ಚಾಗಿ ಹೊಸದು, ನಡುನಡುವೆ ಹಳೆಯ ‘ಹೆಯೊರೆ’. ಕರ್ಮಸ್ಥಾನದಲ್ಲಿ ಹೆಚ್ಚಾಗಿ ಹಳೆಯ ‘ಹೆಮ್’. ಮೊದಲು ‘ಅವರು’, ಆಮೇಲೆ ‘ಅವರ’, ಕೊನೆಗೆ ‘ಅವರನ್ನು’ ಎಂಬ ಈ ಕ್ರಮವೇ ಮುಂದೆ ಲಂಡನ್ನಿನಲ್ಲೂ ಪುನರಾವರ್ತನೆಯಾಯಿತು. ಆರ್ಮ್ ಎಂಬ ಹೆಸರೇ ನಾರ್ಸ್ ಮೂಲದ್ದು, ಹಾವು ಎಂದು ಅದರ ಅರ್ಥ. ಹೆಸರಿನಲ್ಲೂ ಸರ್ವನಾಮದಲ್ಲೂ ಒಂದೇ ನೆರೆಹೊರೆಯ ಗುರುತು.

ಇಷ್ಟೂ ಇಂಗ್ಲೆಂಡಿನ ಕಥೆ. ಸ್ಕಾಟ್ಲೆಂಡಿಗೆ ಈ ಪದ ಹೋದದ್ದು ಹೇಗೆ ಎಂಬುದು ಬೇರೆಯೇ ಪ್ರಶ್ನೆ. ಎಡಿನ್‌ಬರೊ ಸುತ್ತಲಿನ ಲೋಥಿಯನ್ ಸೀಮೆಯಲ್ಲಿ ಏಳನೆಯ ಶತಮಾನದಿಂದ ಆಂಗ್ಲಿಯನ್ ಮಾತಿನ ಜನರಿದ್ದರು ನಿಜ, ಆದರೆ ಯಾರ್ಕ್‌ಶೈರಿನಲ್ಲಿ ಆದಂತೆ ಅಲ್ಲಿ ಡೇನರು ದೊಡ್ಡ ಪ್ರಮಾಣದಲ್ಲಿ ನೆಲೆಸಲಿಲ್ಲ. ಆ ಹಳೆಯ ಲೋಥಿಯನ್ ಮಾತೇ ನೇರವಾಗಿ ಬೆಳೆದು ಸ್ಕಾಟ್ಸ್ ಆಗಿದ್ದರೆ ಅದರ ಸರ್ವನಾಮ ‘ಹಿರ್’ ತರಹದ್ದೇ ಇರಬೇಕಿತ್ತು. ಹಾಗಿಲ್ಲದಿರಲು ಕಾರಣ ಮೊದಲನೆಯ ಡೇವಿಡ್ ದೊರೆಯ ಆಳ್ವಿಕೆಯಲ್ಲಿ, ಎಂದರೆ 1124ರಿಂದ 1153ರ ನಡುವೆ, ಮತ್ತು ಅದರ ನಂತರ ನಡೆದ ವಲಸೆ ಎಂಬುದು ಇಂದು ಹೆಚ್ಚಿನ ವಿದ್ವಾಂಸರು ಒಪ್ಪುವ ವಿವರಣೆ. ಬೆರಿಕ್, ರಾಕ್ಸ್‌ಬರೊ, ಎಡಿನ್‌ಬರೊ, ಸ್ಟರ್ಲಿಂಗ್ ಮುಂತಾದ ಊರುಗಳಿಗೆ ಆತ ವ್ಯಾಪಾರದ ಹಕ್ಕುಗಳನ್ನು ಕೊಟ್ಟು ಪೇಟೆಗಳನ್ನು ಕಟ್ಟಿಸಿದ. ಅಲ್ಲಿ ಅಂಗಡಿ, ಕಸುಬು ಹೂಡಲು ಉತ್ತರ ಇಂಗ್ಲೆಂಡಿನಿಂದ ಜನ ಬಂದರು. ಅವರ ಬಾಯಲ್ಲಿ ಬಂದದ್ದು ಮೂರು ಶತಮಾನ ನಾರ್ಸ್‌ನೊಡನೆ ಬೆರೆತ ಇಂಗ್ಲಿಷ್. ಎಡಿನ್‌ಬರೊದ ಕ್ಯಾನನ್‌ಗೇಟ್ ಬೀದಿಯ ಹೆಸರಿನಲ್ಲಿ ಇರುವ ‘ಗೇಟ್’ ಬಾಗಿಲಲ್ಲ, ನಾರ್ಸ್‌ನ ‘ಗಾಟಾ’, ಬೀದಿ ಎಂದರ್ಥ. ಮಠದ ಗುರುಗಳ ಬೀದಿ ಅದು. ಇಗರ್ಜಿಗೆ ‘ಕರ್ಕ್’ ಎನ್ನುವುದು, ‘ಮಾಡಿಸು’ ಎಂಬುದಕ್ಕೆ ‘ಗಾರ್’ ಎನ್ನುವುದು ಇವೂ ಅದೇ ಮೂಟೆಯಲ್ಲಿ ಬಂದವು. ‘ದೇರ್’ ಕೂಡ ಆ ಮೂಟೆಯ ಒಂದು ಸರಕು. ವೈಕಿಂಗರ ಹಡಗಿನಲ್ಲಿ ನೇರವಾಗಿ ಸ್ಕಾಟ್ಲೆಂಡಿನ ತೀರಕ್ಕೆ ಇಳಿದ ಪದ ಇದು ಎಂದು ಕೆಲವರು ಹೇಳುವುದುಂಟು. ಕೇಳಲು ಸೊಗಸು, ಆದರೆ ಸಾಕ್ಷ್ಯ ಅದರ ಕಡೆಗಿಲ್ಲ. ಪೇಟೆ ಬೀದಿಯ ವರ್ತಕರೇ ಅದನ್ನು ತಂದದ್ದು.

ನಾರ್ಸ್ ಮೂಲದ ಈ ವಾದಕ್ಕೂ ಆಕ್ಷೇಪವಿದೆ, ಅದನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಹಳೆಯ ಇಂಗ್ಲಿಷಿನಲ್ಲಿಯೇ ‘ಆ ಜನರ’, ‘ಅವುಗಳ’ ಎಂಬರ್ಥದ ‘ಥಾರಾ’ ಎಂಬ ನಿರ್ದೇಶಕ ರೂಪವಿತ್ತು. ಅದೇ ನಿಧಾನವಾಗಿ ಸರ್ವನಾಮದ ಸ್ಥಾನಕ್ಕೆ ಜಾರಿತು, ಎರವಲಿನ ಮಾತೇ ಬೇಡ ಎಂದು ವಾದಿಸುವ ಸಂಶೋಧನಾ ಲೇಖನವೊಂದು 2018ರಲ್ಲಿ ಪ್ರಕಟವಾಯಿತು. ಇಲ್ಲಿ ಸ್ಕಾಟ್ಸ್‌ನ ಷಷ್ಠೀ ರೂಪ ನಮಗೆ ನೆರವಾಗುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ದಕ್ಷಿಣದ ಇಂಗ್ಲಿಷಿನಲ್ಲಿ ಹಳೆಯ ದೀರ್ಘ ‘ಆ’ಕಾರವು ‘ಓ’ಕಾರವಾಯಿತು, ಉತ್ತರದಲ್ಲಿ ಹಾಗಾಗದೆ ‘ಆ’ಕಾರವಾಗಿಯೇ ಉಳಿದು ಮುಂದೆ ‘ಏ’ಕಾರದತ್ತ ಸರಿಯಿತು. ಆದ್ದರಿಂದ ದೇಶೀಯ ‘ಥಾರಾ’ ಸ್ಕಾಟ್ಲೆಂಡಿನಲ್ಲಿ ತನ್ನಷ್ಟಕ್ಕೆ ಬೆಳೆದಿದ್ದರೂ ‘ದೇರ್’ ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತು, ನಾರ್ಸ್‌ನ ‘ಥೆಯ್ರಾ’ ಬಂದಿದ್ದರೂ ಅಲ್ಲಿಗೇ. ಆದರೆ ಪ್ರಥಮಾ ರೂಪ ಸ್ವಲ್ಪ ಬಾಯಿ ಬಿಡುತ್ತದೆ. ದೇಶೀಯ ನಿರ್ದೇಶಕವು ಸ್ಕಾಟ್ಸ್‌ನಲ್ಲಿ ‘ಥಾ’ ಎಂದು, ‘ಆ (ಹಲವು)’ ಎಂಬರ್ಥದಲ್ಲಿ, ಬೇರೆಯಾಗಿ ಬದುಕಿ ಉಳಿಯಿತು. ‘ಅವರು’ ಎಂಬ ‘ದೇ’ ಅದರ ಪಕ್ಕದಲ್ಲಿ ಮತ್ತೊಂದು ಪದವಾಗಿ ನಿಂತಿತು. ಆರ್ಮ್ ಸನ್ಯಾಸಿಯ ಸಾಕ್ಷ್ಯ ಇನ್ನೂ ಗಟ್ಟಿ. ಉಚ್ಚಾರವನ್ನು ಇದ್ದಂತೆ ಹಿಡಿಯಬೇಕೆಂದು ತನ್ನದೇ ಕಾಗುಣಿತವನ್ನು ಕಟ್ಟಿಕೊಂಡಿದ್ದ ಆತ ಷಷ್ಠಿಯನ್ನು ‘ಥೆಯ್ರೆ’ ಎಂದು, ‘ಯ’ಕಾರ ಸ್ಪಷ್ಟವಾಗಿ ಕೇಳಿಸುವಂತೆ ಬರೆದ, ‘ಥಾರಾ’ದಿಂದ ಆ ಯಕಾರ ಹುಟ್ಟುವುದಿಲ್ಲ. ಮೂಲ ನಾರ್ಸ್‌ನದು, ಆದರೆ ಅದು ಬೇಗ ಬೇರುಬಿಡಲು ದೇಶೀಯ ‘ಥಾರಾ’ ನೆಲವನ್ನು ಹದಮಾಡಿಕೊಟ್ಟಿತು ಎಂಬುದು ನನ್ನ ಎಣಿಕೆ.

ಸ್ಕಾಟ್ಸ್ ಭಾಷೆಯ ಲಿಖಿತ ಸಾಮಗ್ರಿ ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಿಂದ ಹೇರಳವಾಗುತ್ತದೆ; ಒಂದನೆಯ ಜೇಮ್ಸ್ ಇಂಗ್ಲೆಂಡಿನ ಸೆರೆಯಿಂದ ಮರಳಿದ 1424ರಿಂದ ಪಾರ್ಲಿಮೆಂಟಿನ ಕಾಯಿದೆಗಳೂ ಲ್ಯಾಟಿನ್ ಬಿಟ್ಟು ಸ್ಕಾಟ್ಸ್‌ಗೆ ತಿರುಗುತ್ತವೆ. ಈ ಬರಹಗಳಲ್ಲಿ ‘ದೇ’, ‘ದೇರ್’, ‘ದೇಮ್’ ಮೂರೂ ಆಗಲೇ ನೆಲೆಗೊಂಡಿವೆ. ಆರ್ಮ್‌ನಲ್ಲಿ ಕಾಣುವ ಅರೆಬರೆ ಸ್ಥಿತಿ ಕಾಣುವುದಿಲ್ಲ. ‘ಹಿರ್’ ಎಂದರೆ ‘ಅವಳ’ ಮಾತ್ರ. ಒಂದು ಎಚ್ಚರಿಕೆ ಮಾತ್ರ ಬೇಕು. ಅಬರ್ಡೀನಿನ ಆರ್ಚ್‌ಡೀಕನ್ ಜಾನ್ ಬಾರ್ಬರ್ 1375ರ ಹೊತ್ತಿಗೆ ರಚಿಸಿದ ಬ್ರೂಸ್ ಕಾವ್ಯವನ್ನು ಅತ್ಯಂತ ಹಳೆಯ ಸಾಕ್ಷಿಯೆಂದು ಉದಾಹರಿಸುವುದು ವಾಡಿಕೆ, ಆದರೆ ನಮಗೆ ಉಳಿದಿರುವ ಎರಡು ಹಸ್ತಪ್ರತಿಗಳು 1487 ಮತ್ತು 1489ರವು. ನೂರು ವರ್ಷ ತಡವಾಗಿ ಪ್ರತಿಮಾಡಿದವನ ಕಾಗುಣಿತವನ್ನು ಕವಿಯ ತಲೆಗೆ ಕಟ್ಟಲಾಗದು. ಪ್ರಾಸದಿಂದ ಮೂಲ ರೂಪವನ್ನು ಊಹಿಸುವ ಉಪಾಯವೂ ಇಲ್ಲಿ ಫಲಿಸದು, ಏಕೆಂದರೆ ಷಷ್ಠೀ ಸರ್ವನಾಮವು ನಾಮಪದದ ಮುಂದೆ ಒತ್ತಿಲ್ಲದೆ ಕೂರುವ ಪದ, ಸಾಲಿನ ಕೊನೆಗೆ ಅದು ಬರುವುದೇ ಅಪರೂಪ.

ಪ್ರತಿಕಾರರು ಸರ್ವನಾಮಗಳನ್ನು ಎಷ್ಟು ಸಲೀಸಾಗಿ ಬದಲಾಯಿಸುತ್ತಿದ್ದರು ಎಂಬುದಕ್ಕೆ ಗಡಿಯ ದಕ್ಷಿಣದ ಒಂದು ಗ್ರಂಥ ಸಾಕ್ಷಿ. 1300ರ ಸುಮಾರಿಗೆ ಉತ್ತರ ಇಂಗ್ಲೆಂಡಿನಲ್ಲಿ ಹುಟ್ಟಿದ ‘ಕರ್ಸರ್ ಮುಂಡಿ’ ಎಂಬ ದೀರ್ಘ ಧಾರ್ಮಿಕ ಕಾವ್ಯದಲ್ಲಿ ಕವಿ ಒಂದೆಡೆ, ಈ ಭಾಗ ದಕ್ಷಿಣದ ಇಂಗ್ಲಿಷಿನಲ್ಲಿತ್ತು, ಅದನ್ನು ನಮ್ಮ ಉತ್ತರದ ಜನರ ಭಾಷೆಗೆ ತಿರುಗಿಸಿದ್ದೇನೆ ಎಂದು ತಾನೇ ಹೇಳುತ್ತಾನೆ. ಒಂದೇ ದ್ವೀಪದ ಒಂದೇ ಭಾಷೆಯ ಒಳಗೇ ಅನುವಾದದ ಅಗತ್ಯ ಬೀಳುತ್ತಿತ್ತು. ಮುಂದೆ ಅದೇ ಕಾವ್ಯ ದಕ್ಷಿಣಕ್ಕೆ ಪಯಣಿಸಿದಾಗ ತಿರುಗುಮುರುಗಾಯಿತು: ಉತ್ತರದ ಪ್ರತಿಯಲ್ಲಿ ‘ದೇರ್’ ಇದ್ದ ಕಡೆ ದಕ್ಷಿಣದ ಪ್ರತಿಕಾರ ‘ಹೆರ್’ ಎಂದು ತಿದ್ದಿಕೊಂಡ. ಆ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಭೂಪಟವೇ ಬೇಡ, ಪಾಠಾಂತರಗಳೇ ಗಡಿ ಎಳೆಯುತ್ತವೆ.

ಇನ್ನು ಕಾಗುಣಿತದ ಗೋಜಲು. ಹಳೆಯ ಸ್ಕಾಟ್ಸ್ ದಸ್ತಾವೇಜುಗಳನ್ನು ಮೊದಲ ಸಲ ಓದುವವರು ಸೋಲುವುದು ಇಲ್ಲಿ. ‘ದ’, ‘ಥ’ ಧ್ವನಿಗಳಿಗೆ ರೂನ್ ಲಿಪಿಯಿಂದ ಬಂದ ‘ಥಾರ್ನ್’ ಎಂಬ ಅಕ್ಷರವನ್ನು ಬಳಸುವ ರೂಢಿಯಿತ್ತು. ಸ್ಕಾಟ್ಲೆಂಡಿನ ಮತ್ತು ಉತ್ತರ ಇಂಗ್ಲೆಂಡಿನ ಲಿಪಿಕಾರರ ಕೈಯಲ್ಲಿ ಅದರ ತಲೆ ತೆರೆದುಕೊಂಡು, ಅದು ವೈ ಅಕ್ಷರದ ರೂಪಕ್ಕೇ ಬಂದುಬಿಟ್ಟಿತು. ಹೀಗಾಗಿ ‘ದೇರ್’ ಎಂಬುದನ್ನು ಅವರು ವೈ-ಎ-ಐ-ಆರ್ ಎಂದು ಬರೆದಂತೆ ಕಾಣುತ್ತದೆ. ಓದಬೇಕಾದದ್ದು ‘ಯೇರ್’ ಎಂದಲ್ಲ, ‘ದೇರ್’ ಎಂದೇ. ಹಾಗಾದರೆ ನಿಜವಾದ ‘ಯ’ಕಾರಕ್ಕೆ ಏನು ಮಾಡುತ್ತಿದ್ದರು? ಅದಕ್ಕೆ ‘ಯೋಖ್’ ಎಂಬ ಇನ್ನೊಂದು ಅಕ್ಷರವಿತ್ತು, ಬಾಲವುಳ್ಳ ಮೂರರ ಅಂಕಿಯಂಥದ್ದು. ‘ನಿಮ್ಮ’ ಎಂಬುದನ್ನು ಅದರಿಂದಲೇ ಆರಂಭಿಸುತ್ತಿದ್ದರು. 1508ರಲ್ಲಿ ಚೆಪ್‌ಮನ್ ಮತ್ತು ಮಿಲ್ಲರ್ ಎಡಿನ್‌ಬರೊದಲ್ಲಿ ಸ್ಕಾಟ್ಲೆಂಡಿನ ಮೊದಲ ಮುದ್ರಣವನ್ನು ಆರಂಭಿಸಿದ ಕಾಲದಲ್ಲಿ ಯೋಖ್‌ಗೆ ಅಚ್ಚಿನ ಮೊಳೆ ಇಲ್ಲದ ಮುದ್ರಕರು ನೋಟಕ್ಕೆ ಹತ್ತಿರವಾದ ಝಡ್ ಅಕ್ಷರವನ್ನು ಅದರ ಬದಲು ಜೋಡಿಸುತ್ತಿದ್ದರು. ಫಲವಾಗಿ ‘ನಿಮ್ಮ’ ಎಂಬ ಪದ ಪುಟದ ಮೇಲೆ ‘ಝೂರ್’ ಎಂಬಂತೆ, ‘ಅವರ’ ಎಂಬುದು ‘ಯೇರ್’ ಎಂಬಂತೆ ಕಾಣುತ್ತದೆ. ಇಂಗ್ಲಿಷ್ ಮಾತ್ರ ಬಲ್ಲವರು ವೈ ಕಂಡೊಡನೆ ‘ನಿಮ್ಮ’ ಎಂದು ಅರ್ಥಮಾಡಿಕೊಂಡರೆ, ‘ಅವರ ಜಮೀನು’ ಎಂದು ಬರೆದ ಕ್ರಯಪತ್ರ ‘ನಿಮ್ಮ ಜಮೀನು’ ಎಂದಾಗುತ್ತದೆ! ಮೆನ್‌ಝೀಸ್ ಎಂದು ಬರೆದು ‘ಮಿಂಗಿಸ್’ ಎಂದು ಹೇಳುವ ಸ್ಕಾಟಿಷ್ ಮನೆತನದ ಹೆಸರಿನಲ್ಲಿ ಆ ಝಡ್ ಇಂದಿಗೂ ಕುಳಿತಿದೆ. ಹ್ರಸ್ವ ‘ಎ’ಕಾರಕ್ಕೂ ದೀರ್ಘ ‘ಏ’ಕಾರಕ್ಕೂ ಒಂದೇ ಗುರುತಿರುವ ನಮ್ಮ ಹಳಗನ್ನಡ ಶಾಸನಗಳನ್ನು ಓದಿದವರಿಗೆ, ಬರೆದದ್ದಕ್ಕೂ ಓದಬೇಕಾದದ್ದಕ್ಕೂ ನಡುವಿನ ಈ ಅಂತರ ಹೊಸದೇನಲ್ಲ.

ಗೋಜಲು ಅಲ್ಲಿಗೆ ಮುಗಿಯಲಿಲ್ಲ. ‘ಅಲ್ಲಿ’ ಎಂಬ ಅರ್ಥದ ಪದವೂ ಸ್ಕಾಟ್ಸ್‌ನಲ್ಲಿ ‘ದೇರ್’ ಎಂದೇ ಆಗಿ, ಅದೇ ಅಕ್ಷರಗಳಲ್ಲಿ ಬರೆಯಲ್ಪಡುತ್ತಿತ್ತು. ಇದರಿಂದ ಕಟ್ಟಿದ ಸಮಾಸಗಳು ಕಾನೂನಿನ ಬರಹಗಳಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ: ‘ದೇರ್‌ಟು’ ಎಂದರೆ ಅದಕ್ಕೆ, ‘ದೇರ್‌ಇಂಟಿಲ್’ ಎಂದರೆ ಅದರೊಳಗೆ, ‘ದೇರ್‌ಅನೆಂಟ್’ ಎಂದರೆ ಅದರ ಬಗ್ಗೆ, ‘ದೇರ್‌ಆಫ್’ ಎಂದರೆ ಅದರ. ಈ ಕೊನೆಯದನ್ನು ಗಮನಿಸಬೇಕು. ನಪುಂಸಕಲಿಂಗದ ಏಕವಚನಕ್ಕೆ ಆ ಭಾಷೆಯಲ್ಲಿ ಸ್ವತಂತ್ರವಾದ ಷಷ್ಠೀ ರೂಪವೇ ಇರಲಿಲ್ಲ. ಹಳೆಯ ಇಂಗ್ಲಿಷಿನಿಂದ ಬಂದ ‘ಹಿಸ್’ ಎಂಬುದು ‘ಅವನ’ ಎಂಬುದಕ್ಕೂ ‘ಅದರ’ ಎಂಬುದಕ್ಕೂ ಒಂದೇ ಆಗಿತ್ತು. ವ್ಯಾಕರಣದ ಲಿಂಗವ್ಯವಸ್ಥೆ ಕುಸಿದು, ಜೀವವಿದ್ದದ್ದು ಇಲ್ಲದ್ದು ಎಂಬ ಭೇದ ಮುಖ್ಯವಾದಾಗ, ಒಂದು ಗೋಡೆಗೋ ಗಿರಣಿಗೋ ‘ಹಿಸ್’ ಎನ್ನುವುದು ಇರುಸುಮುರುಸಾಗತೊಡಗಿತು. ಇಂದಿನ ‘ಇಟ್ಸ್’ ಇನ್ನೂ ಹುಟ್ಟಿರಲಿಲ್ಲ. ಇಂಗ್ಲೆಂಡಿನಲ್ಲೇ ಅದು ಮುದ್ರಣದಲ್ಲಿ ಕಾಣಿಸಿದ್ದು ಹದಿನಾರನೆಯ ಶತಮಾನದ ಕೊನೆಗೆ. ಆದ್ದರಿಂದ ಕರಣಿಕರು ‘ಮನೆ ಮತ್ತು ದೇರ್‌ಆಫ್ ಹಿತ್ತಿಲು’ ಎಂಬ ಧಾಟಿಯಲ್ಲಿ ಬರೆದರು, ಇಲ್ಲವೇ ‘ದ ಸೇಮಿನ್’, ಎಂದರೆ ಸದರಿ, ಎಂದು ಸುತ್ತು ಬಳಸಿದರು; ನಮ್ಮ ನೋಂದಣಿ ಕಚೇರಿಯ ‘ಸದರಿ ಸ್ವತ್ತಿನ’ ಎಂಬ ಒಕ್ಕಣೆಯನ್ನು ಕಂಡವರಿಗೆ ಈ ಜಾಡು ಗೊತ್ತು. ಹೀಗೆ ಒಂದೇ ಕ್ರಯಪತ್ರದ ಒಂದೇ ಸಾಲಿನಲ್ಲಿ ‘ಅವರ’ ಎಂಬ ‘ದೇರ್’, ‘ಅಲ್ಲಿ’ ಎಂಬ ‘ದೇರ್’, ‘ಅದರ’ ಎಂಬುದರೊಳಗಿನ ‘ದೇರ್’ ಮೂರೂ ಕೂಡುವುದು ಸಾಧ್ಯವಿತ್ತು. ವಾಕ್ಯದಲ್ಲಿ ಸ್ಥಾನವೇ ಬೇರೆ ಬೇರೆಯಾದ್ದರಿಂದ ಅಂದಿನ ಓದುಗರಿಗೆ ಕಷ್ಟವಾಗಿರಲಾರದು. 1931ರಿಂದ 2002ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ, ವಿಲಿಯಂ ಕ್ರೇಗಿ ಆರಂಭಿಸಿದ ಹಳೆಯ ಸ್ಕಾಟ್ಸ್ ನಿಘಂಟು ಇವುಗಳನ್ನು ಬೇರೆ ಬೇರೆ ಉಲ್ಲೇಖಗಳಾಗಿ ಬಿಡಿಸಿಟ್ಟಿದೆ. ಆ ಕೆಲಸ ಎಷ್ಟು ತಾಳ್ಮೆ ಬೇಡಿರಬಹುದೆಂದು ಯೋಚಿಸಿದರೆ ಎಪ್ಪತ್ತೊಂದು ವರ್ಷ ಹೆಚ್ಚೆನಿಸುವುದಿಲ್ಲ.

ನಾಮಪದವಿಲ್ಲದೆ ಒಂಟಿಯಾಗಿ ನಿಲ್ಲುವಾಗ, ಎಂದರೆ ‘ಅವರದು’ ಎನ್ನುವಾಗ, ಸ್ಕಾಟ್ಸ್ ‘ದೇರಿಸ್’ ಎನ್ನುತ್ತಿತ್ತು. ಷಷ್ಠಿಯ ಮೇಲೆ ಇನ್ನೊಂದು ಷಷ್ಠೀ ಪ್ರತ್ಯಯ ಹಚ್ಚುವ ಈ ಪದ್ಧತಿಯೂ ಉತ್ತರದಲ್ಲಿ ಹುಟ್ಟಿದ್ದೇ. ದಕ್ಷಿಣದ ಆಡುಮಾತುಗಳು ಇದೇ ಕೆಲಸಕ್ಕೆ ‘ನ್’ ಹಚ್ಚಿ ‘ಅವರ್ನ್’ (ನಮ್ಮದು), ‘ಹರ್ನ್’ (ಅವಳದು) ಎಂಬ ರೂಪಗಳನ್ನು ಮಾಡಿಕೊಂಡಿದ್ದವು. ಗೆದ್ದದ್ದು ‘ಸ್’.

ಹದಿನೈದನೆಯ ಶತಮಾನದಲ್ಲಿ ‘ದೇರ್’ ಇಂಗ್ಲೆಂಡಿನ ಉತ್ತರ ಮತ್ತು ನಡುನಾಡಿನಿಂದ ವರ್ತಕರ, ಗುಮಾಸ್ತರ ಜೊತೆ ಲಂಡನ್ನಿಗೆ ನಡೆಯಿತು. 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಹೂಡಿದ ಕ್ಯಾಕ್ಸ್‌ಟನ್ನನ ಪುಸ್ತಕಗಳಲ್ಲಿ ಅದು ಸಾಮಾನ್ಯವಾಗಿದೆ, ಕರ್ಮಸ್ಥಾನದ ‘ಹೆಮ್’ ಮಾತ್ರ ಇನ್ನೂ ಹಟ ಹಿಡಿದು ನಿಂತಿದೆ. ಈ ನಡಿಗೆಯ ಪರಿಣಾಮ ಸ್ಕಾಟ್ಲೆಂಡಿನಲ್ಲಿ ತಿಳಿದದ್ದು ನೂರು ವರ್ಷದ ನಂತರ. ಧರ್ಮಸುಧಾರಣೆಯ ಕಾಲದಲ್ಲಿ ಸ್ಕಾಟರು ಇಂಗ್ಲಿಷ್ ಬೈಬಲ್ಲನ್ನೇ ಓದಿದರು. 1579ರಲ್ಲಿ ಎಡಿನ್‌ಬರೊದಲ್ಲೇ ಅಚ್ಚಾದ ಬೈಬಲ್ಲಿನ ಭಾಷೆಯೂ ಇಂಗ್ಲಿಷೇ. ಆರನೆಯ ಜೇಮ್ಸ್ ತನ್ನ ಮಗನಿಗಾಗಿ ‘ಬೆಸಿಲಿಕಾನ್ ಡೋರಾನ್’ ಎಂಬ ರಾಜನೀತಿಯ ಪುಸ್ತಕವನ್ನು ಸ್ವಂತ ಕೈಯಿಂದ ಸ್ಕಾಟ್ಸ್‌ನಲ್ಲಿ ಬರೆದ. 1599ರಲ್ಲಿ ಎಡಿನ್‌ಬರೊದಲ್ಲಿ ಅದನ್ನು ಅಚ್ಚುಹಾಕಿದ ಇಂಗ್ಲಿಷ್ ಮುದ್ರಕ ವಾಲ್ಡ್‌ಗ್ರೇವ್ ಭಾಷೆಯನ್ನು ಇಂಗ್ಲಿಷಿನತ್ತ ತಿರುಗಿಸಿದ. 1603ರಲ್ಲಿ ಆ ದೊರೆಯೇ ಇಂಗ್ಲೆಂಡಿನ ಸಿಂಹಾಸನವೇರಲು ಲಂಡನ್ನಿಗೆ ಹೊರಟುಹೋದ ಮೇಲೆ ಬದಲಾವಣೆಗೆ ವೇಗ ಬಂತು. 1520ರಿಂದ 1659ರವರೆಗಿನ ಸ್ಕಾಟಿಷ್ ಬರಹಗಳಲ್ಲಿ ಈ ಆಂಗ್ಲೀಕರಣವನ್ನು ಅಳೆದ ಒಂದು ಪ್ರಸಿದ್ಧ ಅಧ್ಯಯನ ಐದು ಲಕ್ಷಣಗಳನ್ನು ಆರಿಸಿಕೊಂಡಿತು: ಸಂಬಂಧವಾಚಕದ ಕಾಗುಣಿತ, ಭೂತಕಾಲದ ಪ್ರತ್ಯಯ, ‘ಒಂದು’ ಎಂಬರ್ಥದ ಉಪಪದ, ನಿಷೇಧದ ಅವ್ಯಯ, ವರ್ತಮಾನ ಕೃದಂತ. ಬಹುವಚನದ ಷಷ್ಠೀ ಸರ್ವನಾಮ ಆ ಪಟ್ಟಿಯಲ್ಲಿಲ್ಲ. ಇರಲು ಕಾರಣವೂ ಇರಲಿಲ್ಲ. ಉಳಿದ ಪದಗಳೆಲ್ಲ ತಮ್ಮ ರೂಪವನ್ನು ದಕ್ಷಿಣಕ್ಕೆ ಒಪ್ಪಿಸುತ್ತಿದ್ದಾಗ ‘ದೇರ್’ ಒಪ್ಪಿಸಬೇಕಾದದ್ದು ಒಂದು ಅಕ್ಷರವನ್ನು ಮಾತ್ರ, ಏಕೆಂದರೆ ದಕ್ಷಿಣವೇ ಮೊದಲು ಅದಕ್ಕೆ ಶರಣಾಗಿತ್ತು. ಇದೇ ಜೇಮ್ಸ್ ದೊರೆಯ ಆದೇಶದಿಂದ 1611ರಲ್ಲಿ ಹೊರಬಂದ ಬೈಬಲ್ಲಿನ ಪರ್ವತ ಪ್ರಸಂಗದಲ್ಲಿ ಸ್ವರ್ಗರಾಜ್ಯವು ‘ಅವರದು’ ಎನ್ನುವ ಕಡೆ ಉತ್ತರದ ಸರ್ವನಾಮವೂ ಅದರ ಬಾಲದ ‘ಸ್’ ಕೂಡ ಒಟ್ಟಿಗೆ ಇವೆ.

ಎಡಿನ್‌ಬರೊದ ವಕೀಲರು ಮಾತ್ರ, ಸರ್ವನಾಮದ ಕಾಗುಣಿತವನ್ನು ಇಂಗ್ಲಿಷಿನಂತೆ ತಿದ್ದಿಕೊಂಡ ಮೇಲೂ, ‘ಅದರ’ ಎನ್ನಬೇಕಾದ ಕಡೆ ‘ದೇರ್‌ಆಫ್’ ಎಂದೇ ಬರೆಯುತ್ತ ಹೋದರು. ‘ಬಗ್ಗೆ’ ಎಂಬರ್ಥದ ‘ಅನೆಂಟ್’ ಇಂದಿಗೂ ಸ್ಕಾಟ್ಲೆಂಡಿನ ಕಚೇರಿ ಪತ್ರಗಳಲ್ಲಿ ಕಾಣಸಿಗುತ್ತದೆ.